ಮರಳಿ ಮೇಲೇರುವುದು ಸೋಲಲ್ಲ

ಪ್ರಶ್ನೆ: ನಮ್ಮ ಮಗಳು ಪೈಲಟ್ ತರಬೇತಿಗೆ ಸೇರಿದ್ದಾಳೆ, ಸದ್ಯದಲ್ಲೇ ಬೋಧಕರಿಲ್ಲದೆ ಒಬ್ಬಳೇ ವಿಮಾನ ಹಾರಿಸಲಿದ್ದಾಳೆ. ತರಬೇತಿ ವಿಮಾನ ಇಳಿಯುವಾಗ ಮುಂದಿನ ಚಕ್ರ ಮುರಿದು ಮುಗ್ಗರಿಸಿತೆಂಬ ಸುದ್ದಿ ಓದಿದಾಗಲೆಲ್ಲ ಎದೆ ಧಸಕ್ಕೆನ್ನುತ್ತದೆ. ಇಳಿಯುವಾಗಲೇ ಹೀಗೇಕಾಗುತ್ತದೆ? ಹೆತ್ತವರಾದ ನಾವು ಮಾಡಬಹುದಾದದ್ದು ಏನಾದರೂ ಇದೆಯೇ?
– ಓದುಗರೊಬ್ಬರು, ಚಿಂತಾಮಣಿ, ಚಿಕ್ಕಬಳ್ಳಾಪುರ ಜಿಲ್ಲೆ

ಉತ್ತರ: ನಿಮ್ಮ ಆತಂಕ ಸಹಜವಾದದ್ದು. ಆದರೆ ಇಂತಹ ಅವಘಡಗಳಲ್ಲಿ ಹೆಚ್ಚಿನವು ಪೆಟ್ಟು ಕೊಡುವುದು ವಿಮಾನಕ್ಕೇ ಹೊರತು ಪೈಲಟ್‌ನ ಪ್ರಾಣಕ್ಕಲ್ಲ ಎಂಬುದನ್ನು ಮೊದಲು ತಿಳಿದುಕೊಳ್ಳಿ.

ಎತ್ತರದಲ್ಲಿ ತಪ್ಪಾದರೆ ತಿದ್ದಿಕೊಳ್ಳಲು ಸಮಯವೂ ಜಾಗವೂ ಇರುತ್ತವೆ. ಇಳಿಯುವಾಗ ಎರಡೂ ಇರುವುದಿಲ್ಲ. ತರಬೇತಿಯಲ್ಲಿ ಹೆಚ್ಚಾಗಿ ಬಳಸುವ ಸೆಸ್ನಾ 172 ವಿಮಾನವು ಸುಮಾರು 65 ನಾಟ್, ಎಂದರೆ ಗಂಟೆಗೆ 120 ಕಿಲೋಮೀಟರ್ ವೇಗದಲ್ಲಿ ರನ್‌ವೇಯತ್ತ ಬರುತ್ತದೆ. ನೆಲ ಕೆಲವೇ ಅಡಿ ದೂರವಿರುವಾಗ ಥ್ರಾಟಲ್ (ಇಂಜಿನ್ನಿನ ಶಕ್ತಿಯನ್ನು ಹೆಚ್ಚುಕಡಿಮೆ ಮಾಡುವ ಹಿಡಿ) ಪೂರ್ತಿ ಹಿಂದಕ್ಕೆಳೆದು, ಮೂತಿಯನ್ನು ಮೆಲ್ಲಗೆ ಮೇಲೆತ್ತಿ, ಹಿಂದಿನ ಎರಡು ಚಕ್ರಗಳು ಮೊದಲು ನೆಲ ಮುಟ್ಟುವಂತೆ ಮಾಡಬೇಕು. ವೇಗ ಹತ್ತು ನಾಟ್ ಹೆಚ್ಚಾಗಿದ್ದರೂ ಸಾಕು, ವಿಮಾನ ಕೆಳಗಿಳಿಯದೆ ನೆಲದ ಸಮೀಪದಲ್ಲೇ ತೇಲುತ್ತ ಸಾಗುತ್ತದೆ. ರನ್‌ವೇ ಮುಗಿಯುತ್ತಿದೆಯೆಂದು ಗಾಬರಿಗೊಂಡ ವಿದ್ಯಾರ್ಥಿ ಅದನ್ನು ಬಲವಂತವಾಗಿ ಕೆಳಗೆ ಒತ್ತಿದಾಗ ಮುಂದಿನ ಚಕ್ರವೇ ಮೊದಲು ನೆಲಕ್ಕೆ ಬಡಿದು ವಿಮಾನ ಪುಟಿಯುತ್ತದೆ. ಒಮ್ಮೆ ಪುಟಿದದ್ದರಿಂದ ದೊಡ್ಡ ಹಾನಿಯೇನೂ ಆಗಲಾರದು. ಹಾನಿಯಾಗುವುದು ಅದರ ಮರುಕ್ಷಣದಲ್ಲಿ: ವಿದ್ಯಾರ್ಥಿ ಹೆದರಿ ಮತ್ತೆ ಮೂತಿಯನ್ನು ಕೆಳಕ್ಕೆ ಒತ್ತುತ್ತಾನೆ, ಎರಡನೆಯ ಪುಟಿತ ಇನ್ನೂ ಜೋರಾಗುತ್ತದೆ, ಮೂರನೆಯದರಲ್ಲಿ ಮುಂದಿನ ಚಕ್ರದ ಕಾಲು ಬಾಗಿ ಪ್ರೊಪೆಲ್ಲರ್ ರನ್‌ವೇಗೆ ಬಡಿಯುತ್ತದೆ. ಆ ಕಾಲು ಇಂಜಿನ್ನಿನ ಹಿಂದಿರುವ ಲೋಹದ ಗೋಡೆಗೇ ಜೋಡಣೆಯಾಗಿರುವುದರಿಂದ ಗೋಡೆಯೂ ಸುಕ್ಕುಗಟ್ಟುತ್ತದೆ, ಇಂಜಿನ್ನನ್ನೂ ಬಿಚ್ಚಿ ಪರೀಕ್ಷಿಸಬೇಕಾಗುತ್ತದೆ.

ನಮ್ಮ ಬಯಲುಸೀಮೆಯ ಎತ್ತರವನ್ನೂ ಇಲ್ಲಿ ನೆನೆಯಬೇಕು. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿ ಗಾಳಿ ತೆಳುವಾಗಿರುವುದರಿಂದ, ವೇಗದ ಮೀಟರ್ ಅದೇ 65 ನಾಟ್ ತೋರಿಸಿದರೂ ನಿಜವಾದ ವೇಗ ಶೇಕಡಾ 5ರಷ್ಟು ಹೆಚ್ಚಿರುತ್ತದೆ. ಬೇಸಿಗೆಯ ಮಧ್ಯಾಹ್ನ ಅದು ಇನ್ನಷ್ಟು ಹೆಚ್ಚುತ್ತದೆ. ಆಷಾಢದ ಗಾಳಿ ರನ್‌ವೇಗೆ ಅಡ್ಡಲಾಗಿ ಬೀಸುವ ದಿನವಂತೂ ಹೊಸಬರು ನೆಲದ ಮೇಲೆಯೇ ಉಳಿಯುವುದು ಮೇಲು.

ಇದಕ್ಕೆಲ್ಲ ಪರಿಹಾರ ಒಂದೇ, ಅದನ್ನು ‘ಗೋ ಅರೌಂಡ್’ ಎನ್ನುತ್ತಾರೆ. ಇಳಿತ ಸರಿಹೋಗುತ್ತಿಲ್ಲವೆಂದು ಅನ್ನಿಸಿದ ಕೂಡಲೇ ಥ್ರಾಟಲ್ ಪೂರ್ತಿ ಕೊಟ್ಟು, ಮೂತಿ ತೀರಾ ಮೇಲೇಳದಂತೆ ಹಿಡಿದು, ಫ್ಲ್ಯಾಪ್‌ಗಳನ್ನು (ಇಳಿಯುವಾಗ ರೆಕ್ಕೆಯ ಹಿಂಬದಿಯಿಂದ ಕೆಳಗಿಳಿಸುವ ಪಟ್ಟಿಗಳನ್ನು) ಹಂತಹಂತವಾಗಿ ಮಡಚುತ್ತ ಮೇಲೇರಿ ಇನ್ನೊಂದು ಸುತ್ತು ಬರುವುದು. ಖರ್ಚಾಗುವುದು ಕೆಲವು ನಿಮಿಷ, ಸ್ವಲ್ಪ ಇಂಧನ. ಇಷ್ಟು ಸುಲಭವಾದದ್ದನ್ನು ವಿದ್ಯಾರ್ಥಿಗಳು ಏಕೆ ಮಾಡುವುದಿಲ್ಲವೆಂದರೆ, ಅದನ್ನು ಸೋಲೆಂದು ಭಾವಿಸುತ್ತಾರೆ. ಕಮರ್ಷಿಯಲ್ ಪೈಲಟ್ ಲೈಸೆನ್ಸ್‌ಗೆ 200 ಗಂಟೆಗಳ ಹಾರಾಟ ಬೇಕು, ಪ್ರತಿ ಗಂಟೆಗೂ ಹಣ ಕಟ್ಟಬೇಕು, ಮನೆಯಲ್ಲಿ ಸಾಲವಿರುತ್ತದೆ, ಜೊತೆಯವರು ಆಗಲೇ ಒಬ್ಬರೇ ಹಾರಿ ಬಂದಿರುತ್ತಾರೆ. ನೀವು ಮಾಡಬಹುದಾದದ್ದು ಇಲ್ಲಿದೆ. ‘ಅವರದ್ದಾಯಿತು, ನಿನ್ನದು ಯಾವಾಗ?’ ಎಂದು ದಯವಿಟ್ಟು ಕೇಳಬೇಡಿ. ಮಗಳು ‘ಇವತ್ತು ಇಳಿಯದೆ ಮತ್ತೆ ಮೇಲೇರಿದೆ’ ಎಂದು ಫೋನಿನಲ್ಲಿ ಹೇಳಿದರೆ ‘ಒಳ್ಳೆಯದು ಮಾಡಿದೆ’ ಎನ್ನಿ.

ಪ್ರಶ್ನೆ: ಬೋಧಕರು ಜೊತೆಗಿಲ್ಲದಾಗ ವಿಮಾನ ಬೇರೆ ರೀತಿ ವರ್ತಿಸುತ್ತದೆಯೇ?
– ವಿದ್ಯಾರ್ಥಿ, ತುಮಕೂರು

ಉತ್ತರ: ಹೌದು. ಸೆಸ್ನಾ 152 ಎಂಬ ಚಿಕ್ಕ ತರಬೇತಿ ವಿಮಾನದ ಗರಿಷ್ಠ ತೂಕವೇ ಸುಮಾರು 757 ಕಿಲೋ. ಅದರಲ್ಲಿ ಬೋಧಕರ 70–80 ಕಿಲೋ ಕಡಿಮೆಯಾದರೆ ವಿಮಾನ ಬೇಗ ನೆಲ ಬಿಡುತ್ತದೆ, ಬೇಗ ಮೇಲೇರುತ್ತದೆ, ಇಳಿಯುವಾಗ ಹೆಚ್ಚು ಹೊತ್ತು ತೇಲುತ್ತದೆ. ದೃಷ್ಟಿಯನ್ನು ರನ್‌ವೇಯ ದೂರದ ತುದಿಯಲ್ಲಿಟ್ಟು ಕಾಯಿರಿ. ಅದು ತಾನಾಗಿ ಕೂರುವವರೆಗೆ ಕೆಳಕ್ಕೆ ಒತ್ತಬೇಡಿ. ಮುಂದೆ ಉಳಿದಿರುವ ರನ್‌ವೇ ಸಾಲದೆಂದು ಕಂಡರೆ ಥ್ರಾಟಲ್ ಪೂರ್ತಿ ಕೊಟ್ಟು ಮೇಲೇರಿ.