ಶಿರಸಿ ಕಡೆಯ ತೋಟದ ಮನೆಗೆ ಕೋರ್ಗಿ ನಾಯಿ ಹೊಂದುತ್ತಾ?

ಕೊಟ್ಟಿಗೆಯಲ್ಲಿ ದನ ಇವೆ, ಕೋರ್ಗಿ ತಂದರೆ ನೋಡಿಕೊಳ್ಳುತ್ತಾ ಅಂತ ಕೇಳಿದ್ದೀರಿ. ಕಾವಲಿಗಿಂತ ದನ ಅಟ್ಟೋದೇ ಇದರ ಕಸುಬು. ಬ್ರಿಟನ್ನಿನ ವೇಲ್ಸ್ ರೈತರು ಅದಕ್ಕೆಂದೇ ಬೆಳೆಸಿದ ತಳಿ. ಎತ್ತರ 25ರಿಂದ 30 ಸೆಂ.ಮೀ., ತೂಕ ಸುಮಾರು 10ರಿಂದ 13 ಕೆ.ಜಿ. ಹಿಂದಿನಿಂದ ಹೋಗಿ ದನದ ಕಾಲಿಗೆ ಮೆಲ್ಲಗೆ ಕಚ್ಚುತ್ತದೆ. ದನ ಒದ್ದರೆ ನೆಲಕ್ಕೆ ತಗ್ಗುತ್ತದೆ, ಒದೆ ತಲೆಯ ಮೇಲಿಂದ ಹೋಗುತ್ತದೆ. ಅಂಗಳದಲ್ಲಿ ಓಡೋ ಮಕ್ಕಳ ಹಿಮ್ಮಡಿಗೂ ಇದೇ ಚಾಳಿ! ಮರಿಯಿದ್ದಾಗಲೇ ತಿದ್ದಬೇಕು.

ಪೆಂಬ್ರೋಕ್, ಕಾರ್ಡಿಗನ್ ಅಂತ ಎರಡಿವೆ. 1934ರಲ್ಲಿ ಬೇರೆ ಬೇರೆ ತಳಿ ಅಂತ ಮಾನ್ಯ ಮಾಡಿದರು. ಎಲಿಜಬೆತ್ ರಾಣಿ ಸಾಕಿದ್ದು ಪೆಂಬ್ರೋಕ್.

ನಮ್ಮ ಕಡೆ ನಿಜವಾದ ತಲೆನೋವು ಮಳೆ. ಎರಡು ಪದರದ ದಟ್ಟ ಕೂದಲು, ನೆಲಕ್ಕೆ ತಾಗುವಂಥ ಹೊಟ್ಟೆ. ಜುಲೈನಲ್ಲಿ ಅಡಿಕೆ ತೋಟಕ್ಕೆ ಹೋಗಿ ಬಂತೆಂದರೆ ಹೊಟ್ಟೆಯಡಿ ಕೆಸರು, ಬೆರಳ ಸಂದಿಯಲ್ಲಿ ಉಂಬಳ. ಒದ್ದೆ ಹಾಗೇ ಬಿಟ್ಟರೆ ಚರ್ಮ ಕೆಡುತ್ತದೆ. ದಿನಾ ಒರೆಸಿ, ಕಿವಿ ಹಿಂದೆ ಉಣುಗು ಇದೆಯಾ ನೋಡಿ. ಉಣುಗಿನಿಂದ ಹರಡುವ ಮಂಗನ ಕಾಯಿಲೆಯ ಸೀಮೆ ನಮ್ಮದು, ಬೇಸಿಗೆಯಲ್ಲಿ ಕಾಡಿಗೆ ಬಿಡಲೇಬೇಡಿ. ರಾತ್ರಿ ಹೊರಗೆ ಕಟ್ಟಬೇಡಿ, ಚಿರತೆಗೆ ಇಂಥ ಗಾತ್ರದ ನಾಯಿ ಒಂದೇ ತುತ್ತು.

ಬೆನ್ನು ಉದ್ದ, ಕಾಲು ಗಿಡ್ಡ. ಎತ್ತರದ ಜಗುಲಿಯಿಂದ ಹಾರಿ ಹಾರಿ ಡಿಸ್ಕ್ ಜಾರುವುದುಂಟು. ತುಪ್ಪದ ದೋಸೆ ಹಾಕಿ ದಪ್ಪ ಮಾಡಿದರೆ ಇನ್ನೂ ಜಾಸ್ತಿ.

ಬುದ್ಧಿವಂತ ನಾಯಿ, ಜೊತೆಗೆ ಬೇಕು ಅಂದರೆ ತನ್ನಿ. ಬರೀ ಕೊಟ್ಟಿಗೆ, ತೋಟದ ಕಾವಲಿಗಾದರೆ ಊರ ನಾಯಿಯೇ ಸೈ.