ಎರಡು ಇಂಚು ನೀರು ಎಲ್ಲಿಗೆ ಹೋಯಿತು?

ವೇದಾವತಿ ಬಯಲಿನ ಹಿರಿಯೂರು ತಾಲ್ಲೂಕಿನಿಂದ ಓದುಗರೊಬ್ಬರು ಬರೆದಿದ್ದಾರೆ: "ನಮ್ಮೂರಲ್ಲಿ 90 ಮನೆ. ಪಂಚಾಯಿತಿ ಬೋರು 620 ಅಡಿ. ಕೊರೆದ ದಿನ ಎರಡು ಇಂಚು ನೀರು ಅಂದರು. ಈಗ ಮೋಟರ್ ಹಾಕಿದ ಮುಕ್ಕಾಲು ಗಂಟೆಗೆ ಗಾಳಿ ಬರುತ್ತದೆ. ಸಾವಿರ ಅಡಿಗೆ ಇಳಿಸಿದರೆ ಸರಿಹೋದೀತೆ?"

ಇಳಿಸುವ ಮೊದಲು ಆ ಎರಡು ಇಂಚನ್ನೇ ವಿಚಾರಿಸೋಣ. ಅದು ಪೈಪಿನ ಅಳತೆಯಲ್ಲ. ತಗಡಿನ ವಿ ಆಕಾರದ ಕಚ್ಚಿನಲ್ಲಿ ನೀರು ಎಷ್ಟು ಎತ್ತರಕ್ಕೆ ಹರಿಯಿತು ಎಂಬ ಲೆಕ್ಕ. 90 ಡಿಗ್ರಿ ಕಚ್ಚಿನಲ್ಲಿ ಒಂದು ಇಂಚು ಅಂದರೆ ಗಂಟೆಗೆ ಸುಮಾರು 500 ಲೀಟರ್. ಎರಡು ಇಂಚಿಗೆ ಅದು ಸಾವಿರವಲ್ಲ, 2,900ರ ಆಸುಪಾಸು. ಒಂದೂವರೆ ಇಂಚನ್ನು ಕಣ್ಣಳತೆಯಲ್ಲಿ ಎರಡು ಅಂದರೆ ನೀರು ಇರುವುದಕ್ಕಿಂತ ಇಮ್ಮಡಿ ಕಾಣುತ್ತದೆ. ಮೇಲಾಗಿ ಕೊರೆಯುವ ಲಾರಿಯ ಕಂಪ್ರೆಸರ್ ಹೊಡೆತಕ್ಕೆ ಚಿಮ್ಮಿದ್ದರಲ್ಲಿ ಬೋರಿನೊಳಗೆ ನಿಂತ ನೀರೂ ಸೇರಿರುತ್ತದೆ.

ಆರೂವರೆ ಇಂಚಿನ ಬೋರು ಅಡಿಗೆ ಆರೂವರೆ ಲೀಟರ್ ಹಿಡಿಯುತ್ತದೆ, ನೆನಪಿಡುವುದು ಸುಲಭ. ರಾತ್ರಿ 400 ಅಡಿ ನೀರು ತುಂಬಿ ನಿಂತರೆ 2,600 ಲೀಟರ್. ನಿಮ್ಮ ಮುಕ್ಕಾಲು ಗಂಟೆಯ ನೀರಿನಲ್ಲಿ ಹೆಚ್ಚಿನ ಪಾಲು ಇದೇ ಇರಬೇಕು.

ಒಂದು ಬೆಳಿಗ್ಗೆ ಮೋಟರ್ ಹಾಕಿ, ಪ್ರತಿ ಹತ್ತು ನಿಮಿಷಕ್ಕೊಮ್ಮೆ 200 ಲೀಟರ್ ಡ್ರಮ್ ತುಂಬಲು ಎಷ್ಟು ಹೊತ್ತು ಬೇಕೆಂದು ಬರೆದಿಡಿ. ಗಾಳಿ ಶುರುವಾದರೆ ಗೇಟ್ ವಾಲ್ವ್ ಸ್ವಲ್ಪ ಸ್ವಲ್ಪ ಮುಚ್ಚುತ್ತ ಬನ್ನಿ. ಗಾಳಿ ನಿಂತು, ಡ್ರಮ್ ತುಂಬುವ ಹೊತ್ತು ಎರಡು ಗಂಟೆ ಕಾಲ ಬದಲಾಗದಿದ್ದರೆ ಅದೇ ಬೋರಿನ ನಿಜವಾದ ಒಸರು. ಹತ್ತು ನಿಮಿಷಕ್ಕೊಂದು ಡ್ರಮ್ ಅಂದರೆ ಗಂಟೆಗೆ 1,200 ಲೀಟರ್. ಮನೆಗೆ ಐದು ಜನರಂತೆ ನಿಮ್ಮ 450 ಜನಕ್ಕೆ, ಜಲಜೀವನ್ ಮಿಷನ್ ಲೆಕ್ಕದಂತೆ ತಲೆಗೆ 55 ಲೀಟರ್ ಹಿಡಿದರೆ, ದಿನಕ್ಕೆ 24,750 ಬೇಕು. ಅಷ್ಟೇ ಒಸರು 21 ಗಂಟೆಯಲ್ಲಿ ಅದನ್ನು ಕೊಡುತ್ತದೆ. (ಪಕ್ಕದ ತೋಟದ ಎರಡಿಂಚಿನ ಬೋರು ಏಳು ತಾಸು ಓಡಿದರೆ 20,000 ಲೀಟರ್ ಎಳೆಯುತ್ತದೆ. ಊರಿನ ಬೋರಿಂದ 500 ಮೀಟರ್ ಒಳಗೆ ಹೊಸ ಬಾವಿಗೆ ಅನುಮತಿ ಬೇಕೆನ್ನುವ 1999ರ ಕಾಯ್ದೆ ಇದೆ; ಪಂಚಾಯಿತಿಯವರಿಗೆ ನೆನಪಿಸಿ.)

ಒಸರು ಅಷ್ಟಿದ್ದರೆ ಬೇಕಿರುವುದು ಆಳವಲ್ಲ, ಸಣ್ಣ ಪಂಪು ಮತ್ತು ದೊಡ್ಡ ಟ್ಯಾಂಕು. ಪಂಪು ಬದಲಿಸುವವರೆಗೆ ಟೈಮರ್ ಇಟ್ಟು ಅರ್ಧ ಗಂಟೆ ಓಡಿಸಿ, ಒಂದೂವರೆ ಗಂಟೆ ಬಿಡಿ. ಡ್ರೈ ರನ್ (ನೀರಿಲ್ಲದ ಓಟ) ತಡೆಯುವ ಸಾಧನವಿಲ್ಲದೆ ಮಾತ್ರ ಓಡಿಸಬೇಡಿ: ಸಬ್‌ಮರ್ಸಿಬಲ್ ಮೋಟರನ್ನು ತಂಪಾಗಿಡುವುದು ಸುತ್ತ ಹರಿಯುವ ನೀರೇ. ಗಾಳಿ ಎಳೆಯುತ್ತಾ ಓಡಿದರೆ ಬುಷ್ ಸವೆದು ವೈಂಡಿಂಗ್ ಸುಡುತ್ತದೆ.

ಒಸರೇ ಗಂಟೆಗೆ 500 ಲೀಟರಿಗೆ ಇಳಿದಿದ್ದರೆ ಬೇರೆ ಮಾತು. ಆಗಲೂ ಸಾವಿರ ಅಡಿ ಜೂಜೇ. ನಿಮ್ಮ ಕಡೆಯ ಗಟ್ಟಿ ಬಂಡೆಯಲ್ಲಿ ನೀರಿರುವುದು ಬಿರುಕುಗಳಲ್ಲಿ, ಆಳಕ್ಕೆ ಹೋದಂತೆ ಬಿರುಕು ವಿರಳ. ಸಿಕ್ಕರೂ ನಲ್ಲಿಗೆ ಬಿಡುವ ಮುನ್ನ ಫ್ಲೋರೈಡ್ ಪರೀಕ್ಷೆ ಮಾಡಿಸಿ. ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಒಪ್ಪಬಹುದು. ಕುದಿಸಿದರೆ ಅದು ಹೋಗುವುದಿಲ್ಲ, ನೀರು ಆವಿಯಾದಷ್ಟೂ ಗಾಢವಾಗುತ್ತದೆ.

— ಸಂ.