ಪಾಸ್‌ವರ್ಡ್ ಕೇಳುತ್ತದೆ, ಆದರೆ ಶೇರ್ ಮಾಡಿದ ಫೋಲ್ಡರ್ ತೆರೆಯುವುದಿಲ್ಲ

ಒಂದೇ ರೌಟರ್‌ಗೆ ಸೇರಿದ ಮೂರು ವಿಂಡೋಸ್ ಕಂಪ್ಯೂಟರ್‌ಗಳ ಪೈಕಿ ಮೊದಲನೆಯದರ ಫೋಲ್ಡರ್ ಎರಡನೆಯದರಲ್ಲಿ ತೆರೆಯುತ್ತದೆ, ಮೂರನೆಯದು ಮಾತ್ರ ಹೆಸರು, ಪಾಸ್‌ವರ್ಡ್ ಕೇಳಿ ಕೊಟ್ಟದ್ದನ್ನು ತಿರಸ್ಕರಿಸುತ್ತದೆ ಎಂದು ಬರೆದಿದ್ದೀರಿ. ಪಾಸ್‌ವರ್ಡ್ ಕೇಳುತ್ತಿದೆ ಎಂದರೆ ಎರಡೂ ಯಂತ್ರಗಳ ನಡುವಿನ ದಾರಿ ತೆರೆದೇ ಇದೆ. ಹಾಗಾಗಿ ಫೈರ್‌ವಾಲ್ ಆಫ್ ಮಾಡಿ ನೋಡುವ ಅಗತ್ಯವಿಲ್ಲ, ಮಾಡಲೂಬೇಡಿ.

ಅಲ್ಲಿ ಕೊಡಬೇಕಾದದ್ದು ಫೋಲ್ಡರ್ ಇರುವ ಕಂಪ್ಯೂಟರಿನ ಖಾತೆಯ ವಿವರವೇ ಹೊರತು ನೀವು ಕುಳಿತಿರುವ ಕಂಪ್ಯೂಟರಿನದಲ್ಲ. ದಿನವೂ ಒತ್ತುವ ಪಿನ್ ಆ ಒಂದು ಯಂತ್ರಕ್ಕಷ್ಟೇ ಸಲ್ಲುತ್ತದೆ, ನೆಟ್‌ವರ್ಕಿನಲ್ಲಿ ನಡೆಯುವುದಿಲ್ಲ. ಪಾಸ್‌ವರ್ಡೇ ಇಲ್ಲದ ಖಾತೆಯನ್ನೂ ವಿಂಡೋಸ್ ತಾನಾಗಿ ಒಳಬಿಡುವುದಿಲ್ಲ. ಫೋಲ್ಡರ್ ಇರುವ ಕಂಪ್ಯೂಟರಿನಲ್ಲಿ ಇದಕ್ಕೆಂದೇ ಪಾಸ್‌ವರ್ಡ್ ಸಹಿತ ಒಂದು ಸ್ಥಳೀಯ ಖಾತೆ ತೆರೆದು, ಹೆಸರು ಕೇಳಿದಾಗ ಕಂಪ್ಯೂಟರಿನ ಹೆಸರು, ಒಂದು ಹಿಂಗೆರೆ (ಬ್ಯಾಕ್‌ಸ್ಲ್ಯಾಶ್, \), ಖಾತೆಯ ಹೆಸರು ಎಂಬ ಕ್ರಮದಲ್ಲಿ ಟೈಪ್ ಮಾಡುವುದು ನನ್ನ ಮಟ್ಟಿಗೆ ಅತ್ಯಂತ ನೇರವಾದ ಉಪಾಯ. ಅದಕ್ಕೂ ಮೊದಲು ಮೂರನೆಯ ಕಂಪ್ಯೂಟರಿನ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಕ್ರೆಡೆನ್ಶಿಯಲ್ ಮ್ಯಾನೇಜರ್ ತೆರೆದು, ಫೋಲ್ಡರ್ ಇರುವ ಯಂತ್ರದ ಹೆಸರಿನಲ್ಲಿ ಉಳಿದಿರುವ ಹಳೆಯ ನಮೂದನ್ನು ಅಳಿಸಿ, ಒಮ್ಮೆ ಸೈನ್ ಔಟ್ ಆಗಿ ಬನ್ನಿ. ಇಲ್ಲವಾದರೆ ವಿಂಡೋಸ್ ಹಳೆಯ ಪಾಸ್‌ವರ್ಡನ್ನೇ ಮತ್ತೆ ಮತ್ತೆ ಕಳಿಸುತ್ತಿರಬಹುದು.

ಲಾಗಿನ್ ಆದ ಮೇಲೂ ಅನುಮತಿ ಇಲ್ಲವೆಂದು ಬಂದರೆ, ಫೋಲ್ಡರಿನ ಪ್ರಾಪರ್ಟೀಸ್‌ನಲ್ಲಿ ಶೇರಿಂಗ್ ಮತ್ತು ಸೆಕ್ಯೂರಿಟಿ ಎರಡನ್ನೂ ನೋಡಿ. ಎರಡು ಕಡೆಯ ಅನುಮತಿಗಳಲ್ಲಿ ಯಾವುದು ಬಿಗಿಯೋ ಅದೇ ನಡೆಯುತ್ತದೆ. ಶೇರಿಂಗ್‌ನಲ್ಲಿ ಎಲ್ಲರಿಗೂ ಪೂರ್ಣ ಅಧಿಕಾರ ಕೊಟ್ಟು, ಸೆಕ್ಯೂರಿಟಿಯಲ್ಲಿ ಖಾತೆಯ ಹೆಸರನ್ನೇ ಸೇರಿಸದೆ ನಾನೊಮ್ಮೆ ಇಡೀ ಸಂಜೆ ಕಳೆದಿದ್ದೇನೆ.

ಪಾಸ್‌ವರ್ಡ್ ಕೇಳದೆ, 80070035 ಎಂದು ಕೊನೆಗೊಳ್ಳುವ ದೋಷಸಂಖ್ಯೆ ಬಂದರೆ ಮಾತ್ರ ದಾರಿಯನ್ನು ಶಂಕಿಸಬೇಕು. ಆಗ ಹೆಸರಿನ ಬದಲು \\192.168.1.20 ಎಂಬಂತೆ ಐಪಿ ವಿಳಾಸವನ್ನೇ ಕೊಟ್ಟು ನೋಡಿ. ತೆರೆದರೆ ತೊಂದರೆ ಹೆಸರು ಪತ್ತೆಯಾಗದಿರುವುದರಲ್ಲಿದೆ. ತೆರೆಯದಿದ್ದರೆ ಫೋಲ್ಡರ್ ಇರುವ ಕಂಪ್ಯೂಟರಿನ ನೆಟ್‌ವರ್ಕ್ ಪ್ರೊಫೈಲ್ ಪ್ರೈವೇಟ್ ಆಗಿದೆಯೇ, ಫೈಲ್ ಹಂಚಿಕೆ ನಡೆಯುವ 445ನೆಯ ಪೋರ್ಟ್ ತೆರೆದಿದೆಯೇ, ಯಾವುದಾದರೂ ಯಂತ್ರ ಗೆಸ್ಟ್ ವೈಫೈಗೆ ಸೇರಿದೆಯೇ ಎಂದು ಪರಿಶೀಲಿಸಿ. ಗೆಸ್ಟ್ ವೈಫೈ ಸಾಮಾನ್ಯವಾಗಿ ಇತರ ಯಂತ್ರಗಳನ್ನು ಕಾಣಗೊಡುವುದಿಲ್ಲ.

ವಿಂಡೋಸ್ ಫೈಲ್ ಹಂಚಿಕೆಯ ಹಳೆಯ ವಿಧಾನವಾದ ಎಸ್‌ಎಂಬಿ 1 ಆನ್ ಮಾಡಿದರೆ ಸರಿಹೋಗುತ್ತದೆ ಎಂಬ ಸಲಹೆಯನ್ನು ದಯವಿಟ್ಟು ಪಾಲಿಸಬೇಡಿ. 2017ರ ಮೇ ತಿಂಗಳಲ್ಲಿ ಫೈಲ್‌ಗಳಿಗೆ ಬೀಗ ಹಾಕಿ ಹಣ ಕೇಳುವ ವಾನಾಕ್ರೈ ಕುತಂತ್ರಾಂಶ ಹರಡಿದ್ದು ಅದರಲ್ಲಿದ್ದ ದೋಷದಿಂದಲೇ. ಈಗಿನ ವಿಂಡೋಸ್ ಯಂತ್ರಗಳು ಪರಸ್ಪರ ಫೈಲ್ ಹಂಚಿಕೊಳ್ಳಲು ಅದರ ಅಗತ್ಯವೂ ಇಲ್ಲ.

ಇಷ್ಟಾದರೂ ತೆರೆಯದಿದ್ದರೆ ಪರದೆಯ ಮೇಲೆ ಕಾಣುವ ದೋಷಸಂಖ್ಯೆಯನ್ನು ಇದ್ದಹಾಗೆಯೇ ಇಲ್ಲಿ ಬರೆಯಿರಿ.